ಮೊನಾಪಲಿ ಬೋರ್ಡಿನ ಮೇಲೆ ನಾವು ತೋರಿಸುವ ಕರುಣೆ ಕೊನೆಗೆ ಯಾರ ಜೇಬಿಗೆ ಹೋಗುತ್ತೆ?

ಮೊನಾಪಲಿ ಆಡುವ ಎಷ್ಟೋ ಮನೆಗಳಲ್ಲಿ ಒಂದು ನಿಯಮ ಇರುತ್ತೆ. ತೆರಿಗೆ, ದಂಡ ಅಂತ ಕಟ್ಟಿದ ದುಡ್ಡೆಲ್ಲ ಬೋರ್ಡಿನ ನಡುವೆ ಗುಡ್ಡೆ ಬೀಳುತ್ತೆ. ಯಾರ ಕಾಯಿ 'ಫ್ರೀ ಪಾರ್ಕಿಂಗ್' ಮೂಲೆಗೆ ಬಂದು ನಿಲ್ಲುತ್ತೋ ಅವರಿಗೆ ಅಷ್ಟೂ ದುಡ್ಡು. ಸೋಲ್ತಾ ಇದ್ದವರಿಗೆ ಇದೊಂದು ಲಾಟರಿ. ಆದರೆ ಪೆಟ್ಟಿಗೆಯೊಳಗಿನ ನಿಯಮ ಪುಸ್ತಕ ತೆಗೆದು ನೋಡಿ, ಇದು ಅಲ್ಲಿ ಇಲ್ಲವೇ ಇಲ್ಲ. ದಂಡದ ದುಡ್ಡು ಬ್ಯಾಂಕಿಗೆ ಹೋಗಬೇಕು. ಫ್ರೀ ಪಾರ್ಕಿಂಗ್ ಅಂದ್ರೆ ಸುಮ್ಮನೆ ನಿಲ್ಲುವ ಜಾಗ, ಅಷ್ಟೇ.

ನಮ್ಮಲ್ಲಿ 'ಬಿಸಿನೆಸ್' ಅಂತ ಆಡಿದವರಿಗೂ ಈ ಆಟದ ಅಸ್ಥಿಪಂಜರ ಗೊತ್ತು: ದಾಳ ಹಾಕು, ಜಾಗ ಕೊಳ್ಳು, ಅಲ್ಲಿಗೆ ಬಂದವರಿಂದ ಬಾಡಿಗೆ ವಸೂಲಿ ಮಾಡು. ಮನೆಗೊಂದು ನಿಯಮ ಇರುವುದೂ ನಮಗೆ ಹೊಸದಲ್ಲ. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಅಂತ ಕೆಲವರ ಮನೆಯಲ್ಲಿದ್ರೆ, ಇನ್ನು ಕೆಲವರ ಮನೆಯಲ್ಲಿ ಆ ತಕರಾರೇ ಇಲ್ಲ. ಮೊನಾಪಲಿಯ ಮನೆ ನಿಯಮಗಳು ಇವುಗಳಿಗಿಂತ ಸ್ವಲ್ಪ ಬೇರೆ. ಅವುಗಳಲ್ಲಿ ಬಹುಪಾಲು ಕರುಣೆಯ ನಿಯಮಗಳು. 'ಗೋ' ಚೌಕದ ಮೇಲೆಯೇ ನಿಂತರೆ 200ರ ಬದಲು 400 ಡಾಲರ್. ಗೆಳೆಯ ದಿವಾಳಿಯಾಗ್ತಿದ್ರೆ ಕೈಸಾಲ. ಪುಸ್ತಕದ ಪ್ರಕಾರ ಆಟಗಾರರು ಒಬ್ಬರಿಗೊಬ್ಬರು ಸಾಲ ಕೊಡುವಂತಿಲ್ಲ, ಜಾಗ ಅಡವಿಟ್ಟು ಬ್ಯಾಂಕಿನಿಂದ ಮಾತ್ರ ಪಡೀಬೇಕು. 2014ರಲ್ಲಿ ಹ್ಯಾಸ್‌ಬ್ರೋ ಕಂಪನಿಯೇ ಫೇಸ್‌ಬುಕ್‌ನಲ್ಲಿ ಈ ಮನೆ ನಿಯಮಗಳ ಬಗ್ಗೆ ಜನರಿಂದ ಚರ್ಚೆ ಮಾಡಿಸಿತ್ತು.

ಈ ಕರುಣೆಯಿಂದ ಸೋಲುವವನು ಬಚಾವಾಗ್ತಾನಾ? ಲೆಕ್ಕ ಹಾಕಿ ನೋಡೋಣ.

ಅಮೆರಿಕದ ಮೂಲ ಬೋರ್ಡಿನಲ್ಲಿ ಕಿತ್ತಳೆ ಬಣ್ಣದ ಮೂರು ಜಾಗಗಳಿವೆ. ಅದರಲ್ಲೊಂದು ನ್ಯೂಯಾರ್ಕ್ ಅವೆನ್ಯೂ. ಖಾಲಿ ಇದ್ದಾಗ ಬಾಡಿಗೆ 16 ಡಾಲರ್. ಒಂದು ಮನೆ ಕಟ್ಟಿದರೆ 80, ಎರಡಕ್ಕೆ 220, ಮೂರಕ್ಕೆ 600. ಎರಡರಿಂದ ಮೂರಕ್ಕೆ ಹೋಗುವಾಗಿನ ಆ ಜಿಗಿತ ಗಮನಿಸಿ. ಇಡೀ ಬೋರ್ಡ್ ಒಂದು ಸುತ್ತು ಹಾಕಿದರೆ ಸಿಗುವ ಸಂಬಳ 200. ಅಂದ್ರೆ ಒಂದೇ ಸಲ ಅಲ್ಲಿ ಕಾಲಿಟ್ಟರೆ ಮೂರು ಸುತ್ತಿನ ಸಂಬಳ ಹೋಯ್ತು.

ಕಾಲಿಡುವ ಸಾಧ್ಯತೆಯೂ ಕಡಿಮೆಯೇನಲ್ಲ. ಈ ಬೋರ್ಡಿನಲ್ಲಿ ಜನ ಅತಿ ಹೆಚ್ಚು ಹೊತ್ತು ಇರುವ ಜಾಗ ಜೈಲು. 'ಜೈಲಿಗೆ ಹೋಗು' ಮೂಲೆ, ಚೀಟಿಗಳು, ಮೂರು ಸಲ ಸತತ ಜೋಡಿ ದಾಳ, ಎಲ್ಲವೂ ಅಲ್ಲಿಗೇ ತಳ್ಳುತ್ತವೆ. ಕಿತ್ತಳೆ ಜಾಗಗಳಿರುವುದು ಜೈಲಿನಿಂದ 6, 8 ಮತ್ತು 9 ಮನೆ ದೂರದಲ್ಲಿ. ಎರಡು ದಾಳದಲ್ಲಿ 36 ಸಾಧ್ಯತೆಗಳಿವೆ. 6 ಬೀಳಲು 5 ದಾರಿ, 8ಕ್ಕೆ 5, 9ಕ್ಕೆ 4. ಒಟ್ಟು 14. ಜೈಲಿನ ಚೌಕದಿಂದ ಹೊರಡುವವರು ಒಂದೇ ಎಸೆತದಲ್ಲಿ ಅಲ್ಲಿಗೆ ಬೀಳುವ ಸಾಧ್ಯತೆ ಸುಮಾರು ಶೇ. 39. (ನಾಲ್ಕು ವರ್ಷದ ಇಂಜಿನಿಯರಿಂಗ್‌ನಲ್ಲಿ ನನಗೆ ಇವತ್ತಿಗೂ ಉಪಯೋಗಕ್ಕೆ ಬರ್ತಿರೋದು ಇಷ್ಟೇ.) ಗಂಭೀರವಾಗಿ ಆಡುವವರು ಬೋರ್ಡಿನ ಅತಿ ದುಬಾರಿ ಜಾಗ ಬಿಟ್ಟು ಕಿತ್ತಳೆಯ ಹಿಂದೆ ಬೀಳೋದು ಇದಕ್ಕೇ.

ಈಗ ಫ್ರೀ ಪಾರ್ಕಿಂಗ್‌ನಲ್ಲಿ ಸೋಲುತ್ತಿರುವವನಿಗೆ 500 ಡಾಲರ್ ಸಿಕ್ಕಿತು ಅಂದುಕೊಳ್ಳಿ. ಅವನ ಹತ್ತಿರ ಜಾಗ ಇಲ್ಲ, ಇದ್ದ ಜಾಗಗಳೆಲ್ಲ ಆಗಲೇ ಮಾರಾಟವಾಗಿವೆ. ಹಾಗಾಗಿ ಆ ದುಡ್ಡು ಅವನ ಕೈಯಲ್ಲಿ ಒಂದೆರಡು ಸುತ್ತು ಇರುತ್ತೆ, ಆಮೇಲೆ ಬಾಡಿಗೆಯಾಗಿ ಮಾಲೀಕನ ಕೈ ಸೇರುತ್ತೆ. ಬ್ಯಾಂಕಿಗೆ ಹೋಗಿ ಆಟದಿಂದಲೇ ಹೊರಬೀಳಬೇಕಿದ್ದ ದುಡ್ಡು ಸೋತವನ ಮೂಲಕ ಗೆಲ್ಲುವವನಿಗೆ ತಲುಪುತ್ತೆ. ಮೊನಾಪಲಿ ಮುಗಿಯೋದೇ ಇಲ್ಲ ಅಂತ ಎಲ್ಲರೂ ಗೊಣಗುವುದಕ್ಕೆ ಒಂದು ದೊಡ್ಡ ಕಾರಣ ಇದೇ. ಫಲಿತಾಂಶದ ದಿಕ್ಕು ಬದಲಾಗೋದು ಅಪರೂಪ, ತಡ ಆಗೋದು ಮಾತ್ರ ಖಾತ್ರಿ.

ತಮಾಷೆ ಅಂದ್ರೆ, ನಾವು ಬಿಟ್ಟುಬಿಡುವ ಮೂಲ ನಿಯಮಗಳಲ್ಲಿ ಒಂದು ನಿಜಕ್ಕೂ ದುಡ್ಡಿಲ್ಲದವನಿಗೆ ಸ್ವಲ್ಪ ಉಪಕಾರಿ. ಅದು ಹರಾಜು. ನೀವು ನಿಂತ ಜಾಗವನ್ನು ನೀವು ಕೊಳ್ಳದಿದ್ದರೆ ಬ್ಯಾಂಕು ಅದನ್ನು ತಕ್ಷಣ ಹರಾಜು ಹಾಕಬೇಕು. ಎಷ್ಟು ಕಡಿಮೆ ಬೆಲೆಯಿಂದಲಾದರೂ ಶುರು ಮಾಡಬಹುದು, ಬೇಡ ಅಂದವರೂ ಕೂಗಬಹುದು. ಉಳಿದವರ ಜೇಬು ಬರಿದಾಗಿರುವ ಹೊತ್ತು ನೋಡಿದರೆ 400 ಡಾಲರ್ ಜಾಗ ಅರ್ಧಕ್ಕೂ ಕಡಿಮೆಗೆ ಸಿಗಬಹುದು. ಕರುಣೆಯ ಗುಡ್ಡೆ ಕೊಡೋದು ನಗದು, ಹರಾಜು ಕೊಡೋದು ಜಾಗ ಹಿಡಿಯುವ ಅವಕಾಶ.

ಪುಸ್ತಕದ ನಿಯಮಗಳು ಸಾಧು ಅಂತ ಮಾತ್ರ ಅಂದುಕೊಳ್ಳಬೇಡಿ. ಪೆಟ್ಟಿಗೆಯಲ್ಲಿರುವುದು ಬರೀ 32 ಮನೆ, 12 ಹೋಟೆಲ್. ಬೋರ್ಡಿನ 22 ಬೀದಿಗಳಿಗೂ ನಾಲ್ಕು ನಾಲ್ಕು ಮನೆ ಕಟ್ಟಲು 88 ಬೇಕು. ಮನೆ ಮುಗಿದರೆ ಯಾರಾದರೂ ವಾಪಸ್ ಕೊಡುವ ತನಕ ಕಾಯಬೇಕು. ಹೋಟೆಲ್ ಕಟ್ಟಿದರೆ ನಾಲ್ಕು ಮನೆ ಬ್ಯಾಂಕಿಗೆ ವಾಪಸ್ ಹೋಗುತ್ತೆ. ಆದ್ದರಿಂದ ಚಾಲಾಕಿ ಆಟಗಾರ ಹೋಟೆಲ್ ಕಟ್ಟೋದೇ ಇಲ್ಲ, ನಾಲ್ಕು ಮನೆಗಳಿಗೇ ನಿಲ್ಲಿಸಿ ಊರಿಗೆಲ್ಲ ಮನೆಗಳ ಅಭಾವ ಸೃಷ್ಟಿಸ್ತಾನೆ. ಇನ್ನೂ ಒಂದಿದೆ. ಜೈಲಿನಲ್ಲಿದ್ದಾಗಲೂ ಮಾಲೀಕನಿಗೆ ಬಾಡಿಗೆ ಬರ್ತಾನೇ ಇರುತ್ತೆ. ಆಟದ ಕೊನೆಯ ಹಂತದಲ್ಲಿ ಜೈಲೇ ಸುರಕ್ಷಿತ: ಹೊರಗೆ ಬಂದು ಬಾಡಿಗೆ ಕೊಡುವ ಅಪಾಯ ಇಲ್ಲ, ಒಳಗಿದ್ದೇ ಸಂಪಾದನೆ.

ಇದೆಲ್ಲ ಆಕಸ್ಮಿಕ ಅಲ್ಲ. ಇದರ ಮೂಲ ಆಟವನ್ನು ರೂಪಿಸಿದ್ದು ಲಿಜ್ಜಿ ಮ್ಯಾಗಿ ಎಂಬ ಅಮೆರಿಕನ್ ಮಹಿಳೆ. 1904ರಲ್ಲಿ ಪೇಟೆಂಟ್ ಸಿಕ್ಕ ಅದರ ಹೆಸರು 'ದಿ ಲ್ಯಾಂಡ್‌ಲಾರ್ಡ್ಸ್ ಗೇಮ್'. ಆಕೆ ಅರ್ಥಶಾಸ್ತ್ರಜ್ಞ ಹೆನ್ರಿ ಜಾರ್ಜ್ ಅವರ ಅನುಯಾಯಿ. ಜಾರ್ಜ್ ವಾದ ಬೆಂಗಳೂರಿನವರಿಗೆ ಸುಲಭವಾಗಿ ಅರ್ಥ ಆಗುತ್ತೆ. ಮೆಟ್ರೋ ಸ್ಟೇಷನ್ ಬಂದ ಕೂಡಲೇ ಪಕ್ಕದ ಖಾಲಿ ಸೈಟಿನ ಬೆಲೆ ಏರುತ್ತೆ. ಸೈಟಿನ ಮಾಲೀಕ ಅದಕ್ಕೇನು ಮಾಡಿದ? ಏನೂ ಇಲ್ಲ. ಬೆಲೆ ಹುಟ್ಟಿದ್ದು ಊರಿನಿಂದ, ಹಾಗಾಗಿ ತೆರಿಗೆಯ ಮೂಲಕ ಅದು ಊರಿಗೇ ಸೇರಬೇಕು. ಕಟ್ಟಿದ ಕಟ್ಟಡಕ್ಕೆ, ದುಡಿದ ಕೂಲಿಗೆ ತೆರಿಗೆ ಬೇಡ, ನೆಲದ ಮೌಲ್ಯಕ್ಕೆ ಮಾತ್ರ ಸಾಕು ಅಂದವರು ಜಾರ್ಜ್.

ಮ್ಯಾಗಿ ಬೋರ್ಡಿನ ಒಂದು ಮೂಲೆ ಲಂಡನ್ನಿನ 'ಲಾರ್ಡ್ ಬ್ಲೂಬ್ಲಡ್' ಎಂಬ ಕಾಲ್ಪನಿಕ ಜಮೀನ್ದಾರನದು. ಅಲ್ಲಿಗೆ ಕಾಲಿಟ್ಟರೆ ಅತಿಕ್ರಮಣ, ನೇರ ಜೈಲು. ಆಕೆಯ ಆಟಕ್ಕೆ ಎರಡು ನಿಯಮಾವಳಿಗಳಿದ್ದವು. ಒಂದರಲ್ಲಿ ಒಬ್ಬ ಎಲ್ಲರನ್ನೂ ನುಂಗ್ತಾನೆ. ಇನ್ನೊಂದರಲ್ಲಿ ಅದೇ ಬೋರ್ಡು, ಅದೇ ದಾಳ, ಆದರೆ ನೆಲದ ಬಾಡಿಗೆ ಹೋಗೋದು ಸಾರ್ವಜನಿಕ ಖಜಾನೆಗೆ. ಅತಿ ಕಡಿಮೆ ದುಡ್ಡಿರುವವರ ಹಣ ಆರಂಭದ ಮೊತ್ತದ ಎರಡರಷ್ಟಾದಾಗ ಎಲ್ಲರೂ ಗೆದ್ದಂತೆ. ನಮ್ಮ ಗುಡ್ಡೆಗೂ ಆಕೆಯ ಖಜಾನೆಗೂ ಇರುವ ವ್ಯತ್ಯಾಸ ನೋಡಿ: ನಮ್ಮದಕ್ಕೆ ಬೀಳೋದು ದಂಡದ ಚಿಲ್ಲರೆ, ಆಕೆಯದಕ್ಕೆ ಬಾಡಿಗೆ.

ಉಳಿದ ಕತೆ ನಿಮಗೆ ಪರಿಚಿತ ಅನ್ನಿಸಬಹುದು. ಮೂವತ್ತು ವರ್ಷ ಜನ ಬೋರ್ಡನ್ನು ಕೈಯಲ್ಲಿ ಬರೆದುಕೊಂಡು, ತಮ್ಮೂರಿನ ಬೀದಿಗಳ ಹೆಸರು ಹಾಕಿಕೊಂಡು, ತಮ್ಮದೇ ನಿಯಮ ಸೇರಿಸಿಕೊಂಡು ಆಡಿದರು. ಅಟ್ಲಾಂಟಿಕ್ ಸಿಟಿಯ ಕ್ವೇಕರ್‌ಗಳ ಬೋರ್ಡೊಂದು ಕೈಯಿಂದ ಕೈಗೆ ದಾಟಿ ಚಾರ್ಲ್ಸ್ ಡ್ಯಾರೋ ಎಂಬಾತನಿಗೆ ತಲುಪಿತು. 1935ರಲ್ಲಿ ಆತ ಅದನ್ನು ತನ್ನ ಆವಿಷ್ಕಾರ ಅಂತ ಪಾರ್ಕರ್ ಬ್ರದರ್ಸ್ ಕಂಪನಿಗೆ ಮಾರಿದ. ಸ್ನೇಹಿತನ ಬೋರ್ಡಿನಲ್ಲಿ 'ಮಾರ್ವೆನ್ ಗಾರ್ಡನ್ಸ್' ಅನ್ನೋದು 'ಮಾರ್ವಿನ್' ಅಂತ ತಪ್ಪಾಗಿತ್ತು, ಡ್ಯಾರೋ ಬೋರ್ಡಿನಲ್ಲೂ ಅದೇ ತಪ್ಪು. ಕಾಪಿ ಹೊಡೆದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಮ್ಯಾಗಿಯ ಪೇಟೆಂಟನ್ನು ಕಂಪನಿ ಕೊಂಡಿದ್ದು 500 ಡಾಲರ್‌ಗೆ, ರಾಯಲ್ಟಿ ಇಲ್ಲ. ಏಕಸ್ವಾಮ್ಯದ ವಿರುದ್ಧದ ಆಟದ ಮೇಲೆ ಒಂದು ಕಂಪನಿಯ ಏಕಸ್ವಾಮ್ಯ. ಪ್ರೊಫೆಸರ್ ರಾಲ್ಫ್ ಆನ್ಸ್‌ಪ್ಯಾಕ್ 1970ರ ದಶಕದಲ್ಲಿ 'ಆಂಟಿ ಮೊನಾಪಲಿ' ಎಂಬ ಆಟ ತಂದು ವರ್ಷಗಟ್ಟಲೆ ಮೊಕದ್ದಮೆ ನಡೆಸಿದ ಮೇಲೆಯೇ ಮ್ಯಾಗಿ ಹೆಸರು ಮತ್ತೆ ಬೆಳಕಿಗೆ ಬಂದದ್ದು. ಮಧ್ಯೆ 1977ರಲ್ಲಿ ಅವರ ಆಟದ ಸುಮಾರು 40,000 ಪೆಟ್ಟಿಗೆಗಳನ್ನು ಮಿನೆಸೋಟದಲ್ಲಿ ಕಸದ ಗುಂಡಿಗೆ ಹಾಕಿ ಹೂಳಲಾಯಿತು.

ನಾನು ಸ್ನೇಹಿತರ ಜೊತೆ ಈಗ ಆಡೋದು ಹೀಗೆ. ಹರಾಜು ಕಡ್ಡಾಯ. ದಂಡದ ದುಡ್ಡು ಬ್ಯಾಂಕಿಗೆ. ಪ್ರತಿ ಬಾಡಿಗೆಯಲ್ಲಿ ಅರ್ಧ ಮಾಲೀಕನಿಗೆ, ಅರ್ಧ ಬೋರ್ಡಿನ ನಡುವಿನ ಗುಡ್ಡೆಗೆ. ಯಾರಾದರೂ 'ಗೋ' ದಾಟಿದಾಗಲೆಲ್ಲ ಗುಡ್ಡೆ ಎಲ್ಲರಿಗೂ ಸಮನಾಗಿ ಹಂಚಿಕೆ. ನೆಲ ಮತ್ತು ಮನೆಯ ಬಾಡಿಗೆಯನ್ನು ಬೇರೆ ಮಾಡದ ಕಾರಣ ಮ್ಯಾಗಿಯ ಲೆಕ್ಕಕ್ಕೆ ಇದು ಸ್ವಲ್ಪ ಒರಟು, ಆದರೆ ರಾತ್ರಿ ಹನ್ನೊಂದಕ್ಕೂ ಎಲ್ಲರೂ ಆಟದಲ್ಲಿರ್ತಾರೆ. ಟ್ರೈ ಮಾಡೋದಾದ್ರೆ ದಾಳ ಹಾಕುವ ಮೊದಲೇ ವೋಟಿಗೆ ಹಾಕಿ. ಆಟದ ಮಧ್ಯೆ ಕೇಳಿದ್ರೆ ಕಿತ್ತಳೆ ಬಣ್ಣದ ಮೂರೂ ಜಾಗ ಹಿಡಿದು ಕೂತವರು ಒಪ್ಪಲ್ಲ.