ಅಗ್ಗದ ಬಣ್ಣಕ್ಕೆ ಬೆಲೆ ತೆರುವವರು ಯಾರು?

ಬಟ್ಟೆಗೆ ಹಾಕಿದ ಬಣ್ಣವೆಲ್ಲ ಬಟ್ಟೆಯಲ್ಲೇ ನಿಲ್ಲುವುದಿಲ್ಲ. ಹತ್ತಿಗೆ ಇಂದು ಹೆಚ್ಚಾಗಿ ಬಳಸುವ ರಿಯಾಕ್ಟಿವ್ ಬಣ್ಣಗಳ ಒಂದು ಪಾಲು ನೂಲಿಗೆ ಹತ್ತದೆ, ಬಣ್ಣ ಹಿಡಿಯಲೆಂದು ಸುರಿದ ರಾಶಿ ಉಪ್ಪಿನ ಜೊತೆ ತೊಳೆನೀರಿಗೆ ಇಳಿಯುತ್ತದೆ. ಬಣ್ಣಗಟ್ಟಿದ ನೀರಿನೊಳಗೆ ಬಿಸಿಲು ಇಳಿಯದೆ ಜಲಸಸ್ಯಗಳು ಸೊರಗುತ್ತವೆ. ಉಪ್ಪು ಹೊಲ, ಬಾವಿಗಳನ್ನು ಸೇರುತ್ತದೆ. ಕೆಲವು ಅಜೋ ಬಣ್ಣಗಳು ಒಡೆದು ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳಾಗುವುದರಿಂದ ಭಾರತ ಅವನ್ನು 1997ರಲ್ಲಿ ನಿಷೇಧಿಸಿತು. ಆದರೆ ನಿಷೇಧದಿಂದ ಉಪ್ಪು ಕರಗಿಹೋಗಲಿಲ್ಲ. ತಮಿಳುನಾಡಿನ ತಿರುಪ್ಪೂರಿನ ಕೆಳಗೆ, ನೊಯ್ಯಲ್ ನದಿಗೆ ನೀರಾವರಿಗಾಗಿ ಕಟ್ಟಿದ ಒರತುಪಾಳ್ಯಂ ಜಲಾಶಯ ಬಣ್ಣದ ಕೊಳಚೆಯ ತೊಟ್ಟಿಯಾಯಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಬೇಕಾಯಿತು.

ಇನ್ನೊಂದು ದಾರಿ ನಮ್ಮ ಮಲೆನಾಡಿನಲ್ಲೇ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ, ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಕಟ್ಟಿದ ಮಹಿಳೆಯರ ಸಹಕಾರ ಸಂಘ ‘ಚರಕ’ ಕೈಮಗ್ಗದ ಹತ್ತಿಗೆ ಅಡಿಕೆ ಚೊಗರಿನ ಬಣ್ಣ ಕೊಡುತ್ತದೆ. ಸುಲಿದ ಹಸಿ ಅಡಿಕೆಯನ್ನು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಒಗರು ರಸವೇ ಚೊಗರು. ಅದರಲ್ಲಿನ ಟ್ಯಾನಿನ್ ನೂಲಿಗೆ ಅಂಟಿ ಕೆಂಗಂದು ಬಣ್ಣ ಬರುತ್ತದೆ. ಕಬ್ಬಿಣದ ಅಂಶ ಬೆರೆತರೆ ಅದೇ ರಸ ಕಪ್ಪಿಗೆ ತಿರುಗುತ್ತದೆ. ಈ ಬಣ್ಣಕ್ಕೆಂದು ಒಂದು ಗುಂಟೆಯನ್ನೂ ಹೊಸದಾಗಿ ಉಳಬೇಕಿಲ್ಲ.

ಸಹಜ ಬಣ್ಣವೆಂದ ಮಾತ್ರಕ್ಕೆ ನಿರ್ದೋಷಿಯಲ್ಲ ಎಂಬ ಆಕ್ಷೇಪ ನಿಜ. ಬಣ್ಣ ಕಚ್ಚಿಸಲು ಸ್ಫಟಿಕದ ಬದಲು ಕ್ರೋಮಿಯಂ ಬಳಸಿದರೆ ಅದೂ ವಿಷವೇ. 1917ರಲ್ಲಿ ಗಾಂಧೀಜಿ ಚಂಪಾರಣ್‌ಗೆ ಹೋದದ್ದು ಗಿಡದಿಂದ ಬರುವ ನೀಲಿಯ ಹೆಸರಿನಲ್ಲಿ ರೈತರ ಮೇಲೆ ನಡೆಯುತ್ತಿದ್ದ ದಬ್ಬಾಳಿಕೆಯ ವಿರುದ್ಧ. ಹಾಗಾಗಿ ಬಣ್ಣ ಎಲ್ಲಿಂದ ಬಂತು ಎಂಬಷ್ಟೇ, ಅದನ್ನು ಮಾಡುವವರ ಕೈಗೆ ಏನು ಸಿಕ್ಕಿತು, ತೊಳೆದ ನೀರು ಎಲ್ಲಿಗೆ ಹೋಯಿತು ಎಂಬುದೂ ಮುಖ್ಯ. ಊರಿನಲ್ಲೇ ಸಿಗುವ ರಸ, ದುಡಿಯುವವರದೇ ಸಂಘ ಎಂಬ ಕಾರಣಕ್ಕೆ ಚರಕದ ದಾರಿ ಗಟ್ಟಿಯಾದದ್ದು. ಲೋಕದ ಬಟ್ಟೆಗೆಲ್ಲ ಚೊಗರು ಸಾಲದು, ಒಪ್ಪೋಣ. ಉಳಿದ ಕಾರ್ಖಾನೆಗಳು ಒಂದು ಹನಿ ಕೊಳಚೆಯನ್ನೂ ಹೊರಬಿಡದ ನಿಯಮಕ್ಕೆ ಕಟ್ಟುಬೀಳಲೇಬೇಕು.

ಇನ್ನು ದುಬಾರಿ ಎಂಬ ದೂರು. ರಾಸಾಯನಿಕ ಬಣ್ಣದ ಬಟ್ಟೆ ಅಗ್ಗವಾಗಿ ಕಾಣುವುದು ನದಿ ಕೆಟ್ಟ ನಷ್ಟವನ್ನು ಅದರ ಬೆಲೆಯಲ್ಲಿ ಸೇರಿಸದೆ, ಕೆಳದಂಡೆಯ ರೈತನ ತಲೆಗೆ ಕಟ್ಟಿರುವುದರಿಂದ. ಕೈಉತ್ಪನ್ನಗಳಿಗೆ ಜಿಎಸ್‌ಟಿ ಬೇಡವೆಂದು 2017ರಲ್ಲಿ ಪ್ರಸನ್ನ ನಡೆಸಿದ ಸತ್ಯಾಗ್ರಹದ ಬೇಡಿಕೆ ಈ ಕಾರಣಕ್ಕೆ ನ್ಯಾಯವಾದದ್ದು. ತೆರಿಗೆ ಬೀಳಬೇಕಾದದ್ದು ನೀರು ಕೆಡಿಸುವ ಬಣ್ಣದ ಮೇಲೆ, ನೀರು ಉಳಿಸುವ ಕೈಗಳ ಮೇಲಲ್ಲ.