ಗಣಕಯಂತ್ರದ ವೇಷ, ನಟನ ಜೀವ

ಚಲನಚಿತ್ರವು ಹುಟ್ಟಿದಂದಿನಿಂದಲೂ ಯಂತ್ರವೂ ಮನುಷ್ಯನೂ ಕೂಡಿ ಕಟ್ಟಿದ ಕಲೆಯಾಗಿದೆ. ಛಾಯಾಗ್ರಹಣ, ಧ್ವನಿಗ್ರಹಣ, ಸಂಕಲನಗಳಲ್ಲಿ ಯಂತ್ರದ ಪಾಲು ದೊಡ್ಡದು. ಅಭಿನಯವಾದರೋ ಮನುಷ್ಯನಿಗೇ ಮೀಸಲು ಎಂಬ ನಂಬಿಕೆ ಬಹುಕಾಲ ಅಚಲವಾಗಿತ್ತು. ಇತ್ತೀಚಿನ ದಶಕಗಳಲ್ಲಿ ಈ ನಂಬಿಕೆಯನ್ನೂ ಪ್ರಶ್ನಿಸುವಂತಹ ವಿಧಾನವೊಂದು ಬೆಳೆದುಬಂದಿದೆ. ನಟನ ಚಲನೆಯನ್ನು ಅಳೆದು, ಅಂಕಿಗಳನ್ನಾಗಿ ಮಾರ್ಪಡಿಸಿ, ಗಣಕಯಂತ್ರದಲ್ಲಿ ರಚಿಸಿದ ಆಕೃತಿಯೊಂದಕ್ಕೆ ಆ ಚಲನೆಯನ್ನು ತೊಡಿಸುವುದೇ ಈ ವಿಧಾನ. ಮೋಷನ್ ಕ್ಯಾಪ್ಚರ್ ಎಂದು ಪ್ರಸಿದ್ಧವಾಗಿರುವ ಇದನ್ನು ಕನ್ನಡದಲ್ಲಿ ಚಲನಗ್ರಹಣವೆನ್ನಬಹುದು. ಇಂತಹ ಆಕೃತಿಗಳು ಮುಂದೊಂದು ದಿನ ಜೀವಂತ ನಟರ ಸ್ಥಾನವನ್ನೇ ಆಕ್ರಮಿಸಬಲ್ಲವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಹಿನ್ನೆಲೆ

ಈ ಕಲ್ಪನೆಯ ಬೇರು ಒಂದು ಶತಮಾನದಷ್ಟು ಹಳೆಯದು. ಅಮೆರಿಕದ ಮ್ಯಾಕ್ಸ್ ಫ್ಲೈಶರ್ ಅವರು ರೋಟೋಸ್ಕೋಪ್ ಎಂಬ ಸಾಧನವನ್ನು ರೂಪಿಸಿ 1917ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅವರ ಸೋದರ ಡೇವ್ ವಿದೂಷಕನ ವೇಷ ತೊಟ್ಟು ಕುಣಿದುದನ್ನು ಮೊದಲು ಚಿತ್ರೀಕರಿಸಲಾಯಿತು. ಬಳಿಕ ಆ ಚಿತ್ರಸುರುಳಿಯ ಒಂದೊಂದೇ ಚೌಕಟ್ಟನ್ನು ಗಾಜಿನ ಮೇಲೆ ಮೂಡಿಸಿ, ಅದರ ಜಾಡಿನಲ್ಲಿಯೇ ರೇಖೆಗಳನ್ನೆಳೆದು ಕೋಕೋ ಎಂಬ ವಿದೂಷಕನ ವ್ಯಂಗ್ಯಚಿತ್ರವನ್ನು ಸೃಷ್ಟಿಸಲಾಯಿತು. ಚಿತ್ರದಲ್ಲಿ ಕಾಣುವುದು ಗೆರೆ. ಗೆರೆಯೊಳಗಿನ ಚೈತನ್ಯ ಮನುಷ್ಯನದು. ಇಂದಿನ ಚಲನಗ್ರಹಣದ ತತ್ತ್ವವೂ ಇದೇ ಆಗಿದೆ.

ಕಾರ್ಯವಿಧಾನ

ಸಾಮಾನ್ಯವಾಗಿ ನಟನು ಮೈಗಂಟಿದ ಉಡುಪನ್ನು ಧರಿಸುತ್ತಾನೆ. ಅದರ ಮೇಲೆ ಕೀಲುಗಳಿರುವೆಡೆಯಲ್ಲೆಲ್ಲ ಬೆಳಕನ್ನು ಪ್ರತಿಫಲಿಸುವ ಚಿಕ್ಕ ಗುಂಡುಗಳನ್ನು ಅಂಟಿಸಿರುತ್ತಾರೆ. ಸುತ್ತಲೂ ನಿಲ್ಲಿಸಿದ ಅನೇಕ ಕ್ಯಾಮೆರಾಗಳು ಅವಕೆಂಪು ಕಿರಣಗಳ ನೆರವಿನಿಂದ ಆ ಗುಂಡುಗಳನ್ನು ಗುರುತಿಸುತ್ತವೆ. ಒಂದೇ ಗುಂಡನ್ನು ಎರಡು ಅಥವಾ ಹೆಚ್ಚು ಕ್ಯಾಮೆರಾಗಳು ಬೇರೆ ಬೇರೆ ಕೋನಗಳಿಂದ ಕಂಡಾಗ, ಭೂಮಾಪಕರು ತ್ರಿಕೋನಗಳ ಮೂಲಕ ದೂರವನ್ನು ಅಳೆಯುವಂತೆ, ಅದರ ನಿಖರ ಸ್ಥಾನವನ್ನು ಗಣಕಯಂತ್ರವು ಲೆಕ್ಕ ಹಾಕುತ್ತದೆ. ಪ್ರತಿ ಕ್ಷಣವೂ ದೊರೆಯುವ ಈ ಸ್ಥಾನಗಳಿಂದ ಒಂದು ಅಸ್ಥಿಪಂಜರದ ಚಲನೆ ಸಿದ್ಧವಾಗುತ್ತದೆ. ಅದರ ಮೇಲೆ ಯಾವ ದೇಹವನ್ನಾದರೂ ಹೊದಿಸಬಹುದು. ಮುಖದ ಭಾವಗಳಿಗಾಗಿ ಚರ್ಮದ ಮೇಲೆ ಚುಕ್ಕೆಗಳನ್ನಿಟ್ಟು, ಶಿರಸ್ತ್ರಾಣಕ್ಕೆ ಜೋಡಿಸಿದ ಪುಟ್ಟ ಕ್ಯಾಮೆರಾದಿಂದ ಅವುಗಳ ಸಂಚಾರವನ್ನು ದಾಖಲಿಸುತ್ತಾರೆ. ಹೀಗೆ ದೊರೆತ ದಾಖಲೆಯು ಕಚ್ಚಾ ಸಾಮಗ್ರಿ ಮಾತ್ರ. ಅದನ್ನು ತಿದ್ದಿ, ತೂಕ ಕೊಟ್ಟು, ಬೇಕಾದೆಡೆಯಲ್ಲಿ ಹೊಸದಾಗಿ ರಚಿಸಿ ಪೂರ್ಣಗೊಳಿಸುವವರು ಚಿತ್ರಕಲಾವಿದರು.

ಸೋಲಿನ ಪಾಠ

ಮನುಷ್ಯನನ್ನು ಯಥಾವತ್ತಾಗಿ ಸೃಷ್ಟಿಸುವ ದೊಡ್ಡ ಪ್ರಯತ್ನ 2001ರಲ್ಲಿ ತೆರೆಗೆ ಬಂದಿತು. "ಫೈನಲ್ ಫ್ಯಾಂಟಸಿ: ದಿ ಸ್ಪಿರಿಟ್ಸ್ ವಿದಿನ್" ಎಂಬ ಆ ಚಿತ್ರದ ನಾಯಕಿ ಆಕಿ ರಾಸ್‌ಳನ್ನು ಮುಂದೆ ಬೇರೆ ಚಿತ್ರಗಳಲ್ಲಿಯೂ ಕೃತಕ ನಟಿಯನ್ನಾಗಿ ಬಳಸುವ ಯೋಜನೆಯಿತ್ತು. ಆಕೆಯ ತಲೆಗೂದಲೇ ಸುಮಾರು 60,000 ಎಳೆಗಳಷ್ಟಿತ್ತು. ಸುಮಾರು 13.7 ಕೋಟಿ ಡಾಲರ್ ವೆಚ್ಚದ ಚಿತ್ರವು ಸುಮಾರು 8.5 ಕೋಟಿ ಡಾಲರ್ ಮಾತ್ರ ಗಳಿಸಿತು. ಅದನ್ನು ತಯಾರಿಸಿದ ಚಿತ್ರಶಾಲೆ ಅನಂತರ ಮುಚ್ಚಿಹೋಯಿತು. 2004ರ "ದಿ ಪೋಲಾರ್ ಎಕ್ಸ್‌ಪ್ರೆಸ್" ಚಿತ್ರದಲ್ಲಿ ಟಾಮ್ ಹ್ಯಾಂಕ್ಸ್ ಅವರು ಬಾಲಕ, ತಂದೆ, ರೈಲಿನ ಕಂಡಕ್ಟರ್ ಮುಂತಾದ ಹಲವು ಪಾತ್ರಗಳಿಗೆ ಚಲನೆಯನ್ನು ನೀಡಿದರು. ಆದರೂ ಪಾತ್ರಗಳ ಕಣ್ಣುಗಳಲ್ಲಿ ಜೀವವಿಲ್ಲವೆಂದು ವಿಮರ್ಶಕರು ಆಕ್ಷೇಪಿಸಿದರು. ಗುಂಡನ್ನು ಮೊಣಕಾಲಿಗೆ ಅಂಟಿಸಬಹುದು, ಕಣ್ಣಾಲಿಗೆ ಅಂಟಿಸಲಾಗದು! 2007ರ "ಬೇವುಲ್ಫ್" ಚಿತ್ರದಲ್ಲಿ ನಟರ ಕಣ್ಣುಗಳ ಸುತ್ತ ವಿದ್ಯುದ್ವಾರಗಳನ್ನಿಟ್ಟು ದೃಷ್ಟಿಯ ಚಲನೆಯನ್ನು ಅಳೆಯಬೇಕಾಯಿತು.

ಈ ಕೊರತೆಯ ಕಾರಣವನ್ನು ಜಪಾನಿನ ವಿಜ್ಞಾನಿ ಮಸಾಹಿರೊ ಮೋರಿ ಅವರು 1970ರಲ್ಲಿಯೇ, ಯಂತ್ರಮಾನವರನ್ನು ಕುರಿತ ಪ್ರಬಂಧವೊಂದರಲ್ಲಿ ಸೂಚಿಸಿದ್ದರು. ಕೃತಕ ಆಕೃತಿಯು ಮನುಷ್ಯನನ್ನು ಹೋಲತೊಡಗಿದಷ್ಟೂ ಅದರ ಮೇಲೆ ಆಪ್ತಭಾವ ಬೆಳೆಯುತ್ತದೆ. ಆದರೆ ಹೋಲಿಕೆ ಬಹುಮಟ್ಟಿಗೆ ಪೂರ್ಣವಾಗಿ, ಎಲ್ಲಿಯೋ ಅಲ್ಪ ಊನ ಉಳಿದಾಗ ಆಪ್ತಭಾವವು ಒಮ್ಮೆಲೇ ಕುಸಿದು ಅಸಹನೆಗೆ ತಿರುಗುತ್ತದೆ. ಈ ಕುಸಿತವನ್ನು ಅವರು ಕಣಿವೆಗೆ ಹೋಲಿಸಿದರು. ಮುಖವನ್ನು ಓದುವ ವಿದ್ಯೆಯನ್ನು ಮನುಷ್ಯನು ತೊಟ್ಟಿಲಿನಿಂದಲೇ ಕಲಿಯುತ್ತಾನೆ; ಆದ್ದರಿಂದ ಮುಖದಲ್ಲಿನ ಕೂದಲೆಳೆಯಷ್ಟು ತಪ್ಪೂ ಅವನ ಕಣ್ಣಿಗೆ ಬೀಳದಿರದು. ಭಾರತದಲ್ಲಿ 2014ರಲ್ಲಿ ರಜನಿಕಾಂತ್ ಅವರ ಅಭಿನಯವನ್ನು ಇದೇ ವಿಧಾನದಿಂದ ಗ್ರಹಿಸಿ ನಿರ್ಮಿಸಿದ "ಕೋಚಡೈಯಾನ್" ಚಿತ್ರವೂ ಆಕೃತಿಗಳ ಸಹಜತೆಯ ವಿಷಯದಲ್ಲಿ ಟೀಕೆಯನ್ನು ಎದುರಿಸಿತು.

ಗೆಲುವಿನ ಗುಟ್ಟು

ಆದರೆ ಇದೇ ವಿಧಾನ ಅಪೂರ್ವ ಯಶಸ್ಸನ್ನೂ ಕಂಡಿದೆ. 2002ರ "ದಿ ಟೂ ಟವರ್ಸ್" ಚಿತ್ರದ ಗಾಲಮ್ ಎಂಬ ಕೃಶ, ವಿಕಾರ ಜೀವಿಯನ್ನು ಪ್ರೇಕ್ಷಕರು ನಂಬಿದರು, ಅದಕ್ಕಾಗಿ ಮರುಗಿದರು. ಅದರ ಹಿಂದಿದ್ದವರು ಆಂಡಿ ಸರ್ಕಿಸ್ ಎಂಬ ನಟರು. ಆ ಚಿತ್ರದಲ್ಲಿ ದೇಹದ ಚಲನೆ ಅವರಿಂದ ಗ್ರಹಿಸಿದ್ದು. ಮುಖದ ಭಾವಗಳನ್ನಾದರೋ ಅವರ ಅಭಿನಯವನ್ನು ನೋಡಿ ನೋಡಿ ಚಿತ್ರಕಲಾವಿದರು ರೂಪಿಸಿದರು. 2009ರ "ಅವತಾರ್" ಚಿತ್ರದ ನೀಲವರ್ಣದ ಜನರು, 2011ರಲ್ಲಿ ಸರ್ಕಿಸ್ ಅವರೇ ಅಭಿನಯಿಸಿದ ಸೀಸರ್ ಎಂಬ ವಾನರ, ಇವೆಲ್ಲವೂ ಇದೇ ಸಾಲಿಗೆ ಸೇರುತ್ತವೆ. ಇವುಗಳಲ್ಲಿ ಯಾವುದೂ ಮನುಷ್ಯರೂಪವಲ್ಲವೆಂಬುದು ಗಮನಾರ್ಹ. ವೇಷವು ಮನುಷ್ಯನಿಂದ ದೂರ ಸರಿದಾಗ ಒಳಗಿನ ಮನುಷ್ಯತ್ವ ಎದ್ದು ಕಾಣುತ್ತದೆ. ವೇಷವೇ ಮನುಷ್ಯನದಾದಾಗ ಅದರ ಕೊರತೆ ಎದ್ದು ಕಾಣುತ್ತದೆ.

ಮಾನವ ಮುಖದಲ್ಲಿ ಯಶಸ್ಸು ದೊರೆತಿಲ್ಲವೆಂದಲ್ಲ. 2008ರ "ದಿ ಕ್ಯೂರಿಯಸ್ ಕೇಸ್ ಆಫ್ ಬೆಂಜಮಿನ್ ಬಟನ್" ಚಿತ್ರದ ಮೊದಲ ಭಾಗದಲ್ಲಿ ವೃದ್ಧನ ತಲೆಯು ಸಂಪೂರ್ಣವಾಗಿ ಗಣಕಯಂತ್ರದ ರಚನೆ. ದೇಹಗಳು ಬೇರೆ ನಟರವು. ಆ ಮುಖ ನಂಬುವಂತಿದ್ದುದಕ್ಕೆ ಕಾರಣ, ಅದರ ಹಿಂದೆ ಬ್ರಾಡ್ ಪಿಟ್ ಅವರ ನೈಜ ಅಭಿನಯವಿದ್ದುದು. ಕನ್ನಡದಲ್ಲಿಯೂ ಇದಕ್ಕೆ ಸಮೀಪವಾದ ಪ್ರಯೋಗ ನಡೆದಿದೆ. 2009ರ ಡಿಸೆಂಬರ್‌ನಲ್ಲಿ ನಿಧನರಾದ ವಿಷ್ಣುವರ್ಧನ್ ಅವರ ರೂಪವನ್ನು, 2016ರಲ್ಲಿ ಕೋಡಿ ರಾಮಕೃಷ್ಣ ನಿರ್ದೇಶಿಸಿದ "ನಾಗರಹಾವು" ಚಿತ್ರದಲ್ಲಿ ಗಣಕಯಂತ್ರದ ಮೂಲಕ ಮರಳಿ ತೆರೆಗೆ ತರಲಾಯಿತು. ಅಗಲಿದ ನಟರನ್ನು ಕಂಡ ಅಭಿಮಾನಿಗಳ ಹರ್ಷ ಸಹಜವಾದುದೇ. ಆದರೆ ಆ ಮುಖದ ಹಿಂದೆ ಅವರ ಹೊಸ ಅಭಿನಯವಿರಲು ಸಾಧ್ಯವಿರಲಿಲ್ಲ. ಮುಖ ಮರಳಿತು, ನಟ ಮರಳಲಿಲ್ಲ. ಈ ಎರಡು ಉದಾಹರಣೆಗಳ ನಡುವಣ ಅಂತರದಲ್ಲಿಯೇ ಮೂಲಪ್ರಶ್ನೆಯ ಉತ್ತರವಿದೆ.

ಹಕ್ಕಿನ ಪ್ರಶ್ನೆ

ಅಭಿನಯದ ಮೂಲ ಮನುಷ್ಯನೇ ಎಂದಾದರೆ, ಅದರ ಫಲವೂ ಮನ್ನಣೆಯೂ ಯಾರಿಗೆ ಸಲ್ಲಬೇಕು? ಆಸ್ಕರ್ ಪ್ರಶಸ್ತಿ ನೀಡುವ ಅಕಾಡೆಮಿಯು, ಚಲನಗ್ರಹಣವು ತನ್ನಷ್ಟಕ್ಕೆ ಅನಿಮೇಷನ್ ಅಲ್ಲವೆಂದು 2010ರಲ್ಲಿ ನಿಯಮ ಮಾಡಿತು. ಆದರೆ ಅಭಿನಯದ ವಿಭಾಗದಲ್ಲಿಯೂ ಇಂತಹ ಪಾತ್ರಕ್ಕೆ ಇದುವರೆಗೆ ಒಂದು ನಾಮನಿರ್ದೇಶನವೂ ದೊರೆತಿಲ್ಲ. ಮನ್ನಣೆಗಿಂತ ಮಿಗಿಲಾದುದು ಜೀವನೋಪಾಯ. ಒಮ್ಮೆ ದಾಖಲಾದ ಮುಖ, ನಡಿಗೆಗಳನ್ನು ಕಲಾವಿದನ ಅನುಮತಿಯಿಲ್ಲದೆ ಮತ್ತೆ ಮತ್ತೆ ಬಳಸಿದರೆ ಅವನ ಗತಿಯೇನು? 2023ರಲ್ಲಿ ಅಮೆರಿಕದ ಚಿತ್ರನಟರ ಸಂಘವು 118 ದಿನಗಳ ಮುಷ್ಕರ ನಡೆಸಿದಾಗ ಈ ಆತಂಕ ಅದರ ಮುಖ್ಯ ಕಾರಣಗಳಲ್ಲೊಂದಾಗಿತ್ತು. ಕಲಾವಿದರ ಪ್ರತಿರೂಪವನ್ನು ಬಳಸಲು ಒಪ್ಪಿಗೆ ಮತ್ತು ಸಂಭಾವನೆ ಅಗತ್ಯವೆಂಬ ನಿಬಂಧನೆಗಳು ಒಪ್ಪಂದದಲ್ಲಿ ಸೇರಿದವು. 2024ರ ಜುಲೈಯಲ್ಲಿ ವಿಡಿಯೊ ಆಟಗಳ ಕಲಾವಿದರೂ ಮುಷ್ಕರ ಹೂಡಿದರು. ತೆರೆಯ ಮೇಲೆ ಮುಖ ಕಾಣಿಸದೆ ಚಲನೆಯನ್ನಷ್ಟೇ ನೀಡುವವರಿಗೂ ಇದೇ ರಕ್ಷಣೆ ದೊರೆಯಬೇಕೆಂಬುದು ಅವರ ಬೇಡಿಕೆಗಳಲ್ಲೊಂದು. 2025ರಲ್ಲಿ ಅವರ ವಿವಾದವೂ ಒಪ್ಪಂದದಲ್ಲಿ ಕೊನೆಗೊಂಡಿತು.

ಕರ್ನಾಟಕದ ತೊಗಲುಗೊಂಬೆಯಾಟದಲ್ಲಿ ಪರದೆಯ ಮೇಲೆ ಕುಣಿಯುವುದು ಚರ್ಮದ ಗೊಂಬೆ. ಹಾಡುವವನೂ ನುಡಿಯುವವನೂ ಕುಣಿಸುವವನೂ ಪರದೆಯ ಹಿಂದಿನ ಕಲಾವಿದ. ಗೊಂಬೆಯು ಕಲಾವಿದನ ಸ್ಥಾನವನ್ನು ಕಸಿದುಕೊಂಡಿತೆಂದು ಯಾರೂ ಹೇಳುವುದಿಲ್ಲ. ಚಲನಗ್ರಹಣದ ಆಕೃತಿಯೂ ಅಂತಹ ಗೊಂಬೆಯೇ ಸರಿ. ಅದರ ಚರ್ಮ ಅಂಕಿಗಳಿಂದಾದುದು, ಅಷ್ಟೇ. ಯಂತ್ರವು ನಟನಿಗೆ ಹೊಸ ದೇಹವನ್ನು, ಹೊಸ ವಯಸ್ಸನ್ನು ಕೊಡಬಲ್ಲದು, ನಟನನ್ನು ಅನಗತ್ಯವಾಗಿಸಲಾರದು. ಆದರೆ ಪರದೆಯ ಹಿಂದಿರುವವನನ್ನು ಮರೆಯುವುದು ಸುಲಭ. ಅವನ ಹೆಸರೂ ಕೂಲಿಯೂ ಅವನಿಗೇ ಸಲ್ಲುವಂತೆ ನೋಡಿಕೊಳ್ಳುವುದು ಯಂತ್ರದ ಕೆಲಸವಲ್ಲ, ಸಮಾಜದ ಕರ್ತವ್ಯ.