ವೇಣುಗ್ರಾಮದ ಕಲ್ಲುಗಳು: ಬೆಳಗಾವಿಯಲ್ಲಿ ಒಂಟಿ ಪ್ರವಾಸಿಯ ಒಂದು ದಿನ

ಸವದತ್ತಿ ತಾಲೂಕಿನ ಚಚಡಿ ಮತ್ತು ಅದರ ಸುತ್ತಲಿನ ಹಳ್ಳಿಗಳ ಜನರು ಬೈಲಹೊಂಗಲದ ಮಾರ್ಗವಾಗಿ ಬೆಳಗಾವಿಗೆ ಹೋಗಿಬರುವುದು ಬಹುಮಟ್ಟಿಗೆ ಕೋರ್ಟು, ಕಚೇರಿ, ದವಾಖಾನೆ ಮತ್ತು ಪೇಟೆಯ ಕೆಲಸಗಳಿಗಾಗಿ. ಆ ನಗರವನ್ನೇ ನೋಡಲೆಂದು ಒಂದು ಇಡೀ ದಿನ ಮೀಸಲಿಡುವವರು ವಿರಳ. ಗುಂಪಿನೊಡನೆ ಬಂದವರು ಗುಂಪಿನ ವೇಗಕ್ಕೆ ಹೊಂದಿಕೊಳ್ಳಬೇಕಾಗುತ್ತದೆ, ಆದರೆ ಒಬ್ಬನೇ ಬಂದವನಿಗೆ ಒಂದು ಕಂಬದ ಮುಂದೆ ಅರ್ಧ ತಾಸು ನಿಲ್ಲುವ ಸ್ವಾತಂತ್ರ್ಯವಿದೆ. ಬೆಳಗಾವಿಯ ಕೋಟೆ ಅಂಥ ಬಿಡುವನ್ನು ಬೇಡುವ ಸ್ಥಳವಾಗಿದೆ.

ಸುತ್ತಲೂ ಕಂದಕವುಳ್ಳ, ಅಂದರೆ ಶತ್ರುಗಳನ್ನು ತಡೆಯಲು ತೋಡಿದ ಅಗಲವಾದ ಅಗಳುಳ್ಳ ಈ ಕೋಟೆಯೊಳಗೆ ಮೊದಲು ನೋಡಬೇಕಾದದ್ದು ಕಮಲ ಬಸದಿ. ಬಸದಿ ಎಂದರೆ ಜೈನರ ದೇವಾಲಯ. ನೇಮಿನಾಥ ತೀರ್ಥಂಕರನಿಗೆ ಮೀಸಲಾದ ಈ ಕಟ್ಟಡಕ್ಕೆ ಹೆಸರು ಬಂದದ್ದು ಅದರ ಮಂಟಪದ ಭುವನೇಶ್ವರಿಯಿಂದ. ಛಾವಣಿಯ ನಡುಭಾಗದ ಅಲಂಕೃತ ಅಂಕಣವನ್ನು ಶಿಲ್ಪಿಗಳು ಭುವನೇಶ್ವರಿ ಎನ್ನುತ್ತಾರೆ, ಮತ್ತು ಇಲ್ಲಿ ಅದು ದಳದಳವಾಗಿ ಅರಳಿ ಕೆಳಮುಖವಾಗಿ ಇಳಿಬಿದ್ದ ಕಲ್ಲಿನ ಕಮಲವಾಗಿದೆ. ಕತ್ತೆತ್ತಿ ನಿಂತವನ ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲಷ್ಟೇ ಅದರ ಅಂಚುಗಳು ಒಂದೊಂದಾಗಿ ಬಿಡಿಸಿಕೊಳ್ಳುವುದರಿಂದ ಇಲ್ಲಿ ಅವಸರ ಮಾಡಬಾರದು.

ಈ ಕಟ್ಟಡದ ಕಾಲವನ್ನು ತಿಳಿಯಲು ನೆರವಾಗುವುದು ರಟ್ಟರ ಇತಿಹಾಸ. ರಟ್ಟರೆಂದರೆ ರಾಷ್ಟ್ರಕೂಟರ ಕಾಲದಿಂದ ಕುಂಡಿ ಮೂರು ಸಾವಿರ ಎಂಬ ನಾಡನ್ನು ಆಳಿದ ಮಾಂಡಲಿಕರು. ಅವರ ಮೊದಲ ರಾಜಧಾನಿ ಸುಗಂಧವರ್ತಿ, ಅಂದರೆ ಇಂದಿನ ಸವದತ್ತಿ. ಮುಂದೆ ಅವರು ತಮ್ಮ ನೆಲೆಯನ್ನು ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ, ಬದಲಿಸಿದರು. ನಾಲ್ಕನೆಯ ಕಾರ್ತವೀರ್ಯ ತನ್ನ ತಮ್ಮ ಮಲ್ಲಿಕಾರ್ಜುನನೊಡನೆ ಇಲ್ಲಿಂದ ಆಳುತ್ತಿದ್ದಾಗ, ಅವನ ಅಧಿಕಾರಿ ಬೀಚಿರಾಜನು ರಟ್ಟ ಜಿನಾಲಯವೆಂಬ ಬಸದಿಯನ್ನು ಕಟ್ಟಿಸಿದನು; ಅದನ್ನು ಸಾಮಾನ್ಯವಾಗಿ ಈ ಕಮಲ ಬಸದಿಯೆಂದೇ ಗುರುತಿಸಲಾಗುತ್ತದೆ. 1204ರಲ್ಲಿ ಅದಕ್ಕೆ ದತ್ತಿ, ಅಂದರೆ ನಿತ್ಯದ ಪೂಜೆ ಮತ್ತು ದುರಸ್ತಿಗೆಂದು ಬಿಟ್ಟುಕೊಟ್ಟ ಭೂಮಿ ಹಾಗೂ ಆದಾಯ, ಅದರ ಆಚಾರ್ಯ ಶುಭಚಂದ್ರ ಭಟ್ಟಾರಕರ ಕೈಗೆ ಸಂದಿತು. ಹೀಗಾಗಿ ಚಚಡಿಯ ಕಡೆಯಿಂದ ಬಂದವನು ಕೋಟೆಯಲ್ಲಿ ಕಾಣುವುದು ಪರವೂರಿನ ಚರಿತ್ರೆಯನ್ನಲ್ಲ, ತನ್ನ ತಾಲೂಕಿನಿಂದಲೇ ಹೊರಟ ಅರಸುಮನೆತನದ ಮುಂದಿನ ಅಧ್ಯಾಯವನ್ನು.

ಆದರೆ ಈ ದತ್ತಿಯನ್ನು ತಿಳಿಸುವ ಎರಡು ಕನ್ನಡ ಶಾಸನಗಳು ಕೋಟೆಯಲ್ಲಿಲ್ಲ. ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅಲ್ಲಿದ್ದ ವಿದ್ವಾಂಸ ಎಲ್. ಡಿ. ಬಾರ್ನೆಟ್ ಅವುಗಳ ಪಾಠವನ್ನು ಎಪಿಗ್ರಾಫಿಯಾ ಇಂಡಿಕಾ ಎಂಬ ಶಾಸನ ಸಂಪುಟಮಾಲೆಯ 13ನೆಯ ಸಂಪುಟದಲ್ಲಿ ಪ್ರಕಟಿಸಿದರು. ವಸ್ತುಸಂಗ್ರಹಾಲಯವು ಕಲ್ಲನ್ನು ಮಳೆಬಿಸಿಲಿನಿಂದ ಉಳಿಸುತ್ತದೆ ಎಂಬುದು ನಿಜ, ಆದರೆ ಯಾವ ಭೂಮಿಯ ಎಲ್ಲೆಗಳನ್ನು ಆ ಕಲ್ಲು ಹೇಳುತ್ತದೆಯೋ ಆ ಭೂಮಿಯಿಂದಲೇ ಅದು ಬೇರ್ಪಟ್ಟಾಗ, ಓದುವವನಿಗೆ ನೆಲ ಕಾಣದು, ನೆಲದವನಿಗೆ ಓದು ಸಿಗದು. ಇದು ಕನ್ನಡಿಗರೆಲ್ಲರೂ ಮನಸ್ಸಿಗೆ ತಂದುಕೊಳ್ಳಬೇಕಾದ ನಷ್ಟ. ಮುದ್ರಿತ ಪಾಠದ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದು ಬಸದಿಯ ಕಟ್ಟೆಯ ಮೇಲೆ ಕುಳಿತು ಓದುವ ಪ್ರವಾಸಿಯು ಆ ಅಂತರವನ್ನು ಸ್ವಲ್ಪವಾದರೂ ತುಂಬಬಲ್ಲನು.

ಕೋಟೆಯಲ್ಲೇ ಇರುವ ರಾಮಕೃಷ್ಣ ಮಿಷನ್ ಆಶ್ರಮವು ಮತ್ತೊಂದು ಬಗೆಯ ಸಂಗ್ರಹವನ್ನು ತೋರಿಸುತ್ತದೆ. 1892ರ ಅಕ್ಟೋಬರಿನಲ್ಲಿ ಪರಿವ್ರಾಜಕರಾಗಿ, ಅಂದರೆ ಒಂದೆಡೆ ನೆಲೆಸದೆ ಊರೂರು ಸಂಚರಿಸುವ ಸನ್ಯಾಸಿಯಾಗಿ, ಬಂದ ಸ್ವಾಮಿ ವಿವೇಕಾನಂದರು ಅರಣ್ಯಾಧಿಕಾರಿ ಹರಿಪದ ಮಿತ್ರರ, ಈಗ ಆಶ್ರಮದ ವಶದಲ್ಲಿರುವ, ಮನೆಯಲ್ಲಿ ತಂಗಿದ್ದರು. ಇಲ್ಲಿ ಆ ಮನೆಯೂ ಅವರು ಬಳಸಿದ ವಸ್ತುಗಳೂ ಒಂದೇ ಕಡೆ ಇರುವುದರಿಂದ ನೋಡುಗನಿಗೆ ವಿವರಣೆಯ ಅಗತ್ಯವೇ ಕಡಿಮೆ.

ಮಧ್ಯಾಹ್ನದ ಮೇಲೆ ದಂಡಿನ ಪ್ರದೇಶವನ್ನು ದಾಟಿ ಪೇಟೆಯತ್ತ ಬಂದರೆ ಲಿಂಗರಾಜ ಕಾಲೇಜು ಸಿಗುತ್ತದೆ. ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆ ಬರೆದಿಟ್ಟರು, ಮತ್ತು 1916ರಲ್ಲಿ ಸ್ಥಾಪನೆಯಾದ ಕೆಎಲ್‌ಇ ಶಿಕ್ಷಣ ಸಂಸ್ಥೆ ಅವರ ಹೆಸರನ್ನು ಈ ಕಾಲೇಜಿಗೆ ಇಟ್ಟಿತು. ಇದು ಪ್ರವಾಸಿ ತಾಣಗಳ ಪಟ್ಟಿಯಲ್ಲಿ ಬರುವುದಿಲ್ಲವಾದರೂ, ರಟ್ಟರ ದತ್ತಿಯನ್ನು ಓದಿ ಬಂದವನು ಇದರ ಮುಂದೆ ನಿಲ್ಲದೆ ಹೋಗಬಾರದು.

ದಿನದ ಕೊನೆಗೆ ಟಿಳಕವಾಡಿಯ ವೀರಸೌಧವನ್ನು, ಅಂದರೆ ಕಾಂಗ್ರೆಸ್ ಅಧಿವೇಶನದ ಸ್ಮಾರಕವನ್ನು, ಇಟ್ಟುಕೊಳ್ಳುವುದು ಒಳ್ಳೆಯದು. 1924ರ ಡಿಸೆಂಬರ್ 26 ಮತ್ತು 27ರಂದು ಇಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆಯನ್ನು ಗಾಂಧೀಜಿ ವಹಿಸಿದ್ದರು. ಅವರು ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ ಅದೇ. ಗಂಗಾಧರರಾವ್ ದೇಶಪಾಂಡೆಯವರು ಮುಂದೆ ನಿಂತು ಸಂಘಟಿಸಿದ ಆ ಸಭಾನಗರಕ್ಕೆ ವಿಜಯನಗರವೆಂದೂ, ನೆರೆದವರ ನೀರಿಗೆಂದು ತೋಡಿದ ಬಾವಿಗೆ ಪಂಪಾ ಸರೋವರವೆಂದೂ ಹೆಸರಿಟ್ಟಿದ್ದರು. ಜನರು ಇಂದು ಕಾಂಗ್ರೆಸ್ ಬಾವಿ ಎಂದು ಕರೆಯುವುದು ಅದನ್ನೇ. ಹುಯಿಲಗೋಳ ನಾರಾಯಣರಾಯರ ಕನ್ನಡ ನಾಡಿನ ಹಾಡು ಮೊಳಗಿದ್ದೂ, ಮುಂದೆ ಹಿಂದೂಸ್ತಾನಿ ಸಂಗೀತದಲ್ಲಿ ಹೆಸರಾದ ಗಂಗೂಬಾಯಿ ಹಾನಗಲ್ ಬಾಲಕಿಯಾಗಿ ಹಾಡಿದ್ದೂ ಆ ಅಧಿವೇಶನದಲ್ಲಿಯೇ.